ಪುಂಡರೀಕಾಕ್ಷರ ಸಾವಿಗೆ ಸೊಸೈಟಿಯ ಅನುಮತಿ

ಡೊಂಬಿವಲಿ ಪೂರ್ವದ ನವಸುಮನ್ ಹೌಸಿಂಗ್ ಸೊಸೈಟಿಯಲ್ಲಿ ಆಕ್ಷೇಪವಿಲ್ಲವೆಂಬ ಎನ್‌ಒಸಿ ಇಲ್ಲದೆ ಕಿಟಕಿಗೆ ಗ್ರಿಲ್ ಕೂಡ ಹಾಕುವಂತಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಮರ್ಯಾದೆಯಿಂದ ಸಾಯುವುದೂ ಹಕ್ಕೇ ಎಂದಾಗ, ಈ ನಿಯಮ ಅದಕ್ಕೂ ಅನ್ವಯಿಸಿತು.

ಮೂರನೇ ಮಹಡಿಯ ಪುಂಡರೀಕಾಕ್ಷರು ಉಡುಪಿ ಕಡೆಯವರು, ಹೋಟೆಲ್ ಮ್ಯಾನೇಜರಾಗಿ ನಿವೃತ್ತರಾದವರು. ಹೆಂಡತಿ ಜಲಜಾಕ್ಷಿ ವೆಂಟಿಲೇಟರಿನಲ್ಲಿ ವಾರಗಟ್ಟಲೆ ನರಳಿ ತೀರಿಕೊಂಡದ್ದನ್ನು ನೋಡಿ ಹೆದರಿದ್ದರು. ತನಗೆ ಹಾಗೆ ನಳಿಕೆ ಹಾಕಿ ಉಳಿಸಬಾರದೆಂದು ಉಯಿಲು ಬರೆದರು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಬೇಕಿತ್ತು, ಮೇಲೆ ಮ್ಯಾಜಿಸ್ಟ್ರೇಟರ ಸಹಿ. ಸಾಕ್ಷಿಗಾಗಿ ಸೆಕ್ರೆಟರಿ ವಸಂತಕುಮಾರರ ಬಳಿ ಹೋದರು.

"ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗ್ತಾ ಉಂಟು ಮಾರಾಯ್ರೆ, ಕೆಡವಿ ಹೊಸತು ಕಟ್ಲಿಕ್ಕೆ ಬಿಲ್ಡರಿಗೆ ಎಲ್ರ ಸಹಿ ಬೇಕು. ಈಗ ನೀವು ಹೋದ್ರೆ ಫ್ಲ್ಯಾಟ್ ಮಗಳ ಹೆಸರಿಗೆ ಆಗ್ಲಿಕ್ಕೆ ಆರು ತಿಂಗಳು. ಬಿಲ್ಡರ್ ಕಾಯ್ತಾನಾ?"

"ಸಾಯುವುದು ನಾನಲ್ವಾ?"

"ಬಿಲ್ಡಿಂಗ್ ಎಲ್ರದ್ದಲ್ವಾ? ಜನರಲ್ ಬಾಡಿಯಲ್ಲಿ ಇಡುವ."

ಸಭೆಗೆ ಕೋರಂ ಇರಲಿಲ್ಲ. ಅರ್ಧ ಗಂಟೆ ಮುಂದೂಡಿದರೆ ಕೋರಂ ಬೇಡವೆಂಬ ನಿಯಮವಿದ್ದುದರಿಂದ, ಆಮೇಲೆ ಅದೇ ಹನ್ನೊಂದು ಮಂದಿ ಅದೇ ಕುರ್ಚಿಗಳಲ್ಲಿ ಕಾನೂನುಬದ್ಧವಾಗಿ ಕುಳಿತರು. ವೈದ್ಯಕೀಯ ಅಭಿಪ್ರಾಯವನ್ನು ನೆಲಮಹಡಿಯ ದಂತವೈದ್ಯ ಲತೀಶ್ ನೀಡಿದರು: ಹಲ್ಲು ಗಟ್ಟಿಯಿವೆ, ಸಾಯುವ ತುರ್ತು ಕಾಣುವುದಿಲ್ಲ. ಜನಾಭಿಪ್ರಾಯವನ್ನು ವಾಟ್ಸಾಪಿನಲ್ಲಿ ಪಡೆಯಲಾಯಿತು. ಅಂಕಲ್ ಬದುಕಲಿ ಎಂದವರು ನಲವತ್ತೊಂದು, ಬೇಡವೆಂದವರು ಒಬ್ಬರು. ಆ ಒಬ್ಬರು ಸ್ವತಃ ಅಂಕಲ್ ಆಗಿದ್ದುದರಿಂದ, ಸ್ವಹಿತಾಸಕ್ತಿಯ ಕಾರಣಕ್ಕೆ ಮತ ಅಸಿಂಧುವಾಯಿತು. ಒಪ್ಪಂದಕ್ಕೆ ಸಹಿಯಾಗುವವರೆಗೆ ಸದರಿ ಸದಸ್ಯರು ಜೀವಂತವಾಗಿರತಕ್ಕದ್ದು ಎಂದು ಠರಾವಾಯಿತು.

ಎರಡು ತಿಂಗಳಿಗೆ ಪುಂಡರೀಕಾಕ್ಷರಿಗೆ ಪಾರ್ಶ್ವವಾಯು ಬಡಿಯಿತು, ಪ್ರಜ್ಞೆ ಹೋಯಿತು. ಪಕ್ಕದೂರು ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ನಳಿಕೆ ಹಾಕಿದರು. ಮಗಳು ಮಾನಸಿ ಉಯಿಲು ತೋರಿಸಿದಳು. ಡಾಕ್ಟರು ಓದಿ, "ಬಹಳ ಚೆನ್ನಾಗಿ ಬರೆದಿದ್ದಾರೆ, ಆದರೆ ಸಹಿಯೇ ಇಲ್ಲ," ಎಂದು ಮರಳಿಸಿದರು.

ಮರುದಿನ ವಸಂತಕುಮಾರರು ನೋಟರಿಯೊಡನೆ ಬಂದು, ಬಿಲ್ಡರನ ಒಪ್ಪಂದಕ್ಕೆ ಪುಂಡರೀಕಾಕ್ಷರ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಬ್ಬೆಟ್ಟು ಬೆಚ್ಚಗಿದ್ದುದರಿಂದ ನೋಟರಿಗೆ ತೃಪ್ತಿಯಾಯಿತು.

ಮಾನಸಿ ಉಯಿಲನ್ನು ಮುಂದೆ ಹಿಡಿದು ಅತ್ತಳು. "ಅಂಕಲ್, ಪ್ಲೀಜ್, ಇದಕ್ಕೂ ಒಂದು ಒತ್ತಿಸಿ ನಾ. ಪಪ್ಪನಿಗೆ ಈ ನಳಿಕೆಯೇ ಬೇಡ ಇತ್ತು."

ವಸಂತಕುಮಾರರಿಗೆ ನಿಜಕ್ಕೂ ಬೇಸರವಾಯಿತು. "ಛೆ, ಪ್ರಜ್ಞೆ ಇಲ್ಲದವರ ಹೆಬ್ಬೆಟ್ಟು ಒತ್ತಿಸುವುದಾ? ಕಾನೂನು ಅಂತ ಒಂದು ಉಂಟಲ್ಲ, ಮಗಾ."

ಡಾಕ್ಟರು ಹೌದೆಂದರು. ನೋಟರಿಯೂ ಹೌದೆಂದರು. ಹೊಸ ಫ್ಲ್ಯಾಟಿನ ಕೀಲಿ ಸಿಗುವವರೆಗೆ, ಅಂದರೆ ಇನ್ನು ಮೂರು ವರ್ಷ, ಸದರಿ ಸದಸ್ಯರು ಬದುಕಿರಲೆಂಬ ಠರಾವು ಮುಂದಿನ ಸಭೆಯಲ್ಲಿ ಸರ್ವಾನುಮತದಿಂದ ಪಾಸಾಯಿತು. ನಡುವೆ ಹೆಸರು ಬದಲಾದರೆ ಫ್ಲ್ಯಾಟ್ ಕೈತಪ್ಪೀತೆಂದು ಕೇಳಿ, ತಂದೆಯ ಪರವಾಗಿ ಮಾನಸಿ ಅನುಮೋದಿಸಿದಳು.