ಬಾಡಿಗೆ ಗಂಟಲು

ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ತನ್ನ ಹೆಸರು ನಾಯಕನ ಹೆಸರಿಗಿಂತ ಅರ್ಧ ಬೆರಳು ಚಿಕ್ಕದಾಗಿರುವುದು ಜೆಲಿಂಡಾ ತೊರೆಜಾನಿಯ ಕಣ್ಣಿಗೆ ಬಿದ್ದದ್ದು ಬೆಳಗಿನ ಕಾಫಿಯ ಹೊತ್ತಿಗೆ. ಬಾಲ್ಕನಿಯಲ್ಲಿ ನಿಂತು ಅಂಟಿಸಿದವನನ್ನು ಬೈಯತೊಡಗಿದಳು. ಅವನ ಅಪ್ಪ, ಅಮ್ಮ, ಅಂಟಿನ ಡಬ್ಬಿ, ಯಾವುದನ್ನೂ ಬಿಡಲಿಲ್ಲ. ಅಜ್ಜನ ತನಕ ಬಂದಾಗ ಗಂಟಲು ಕಟ್ಟಿತು. ಆಮೇಲೆ ಹೊರಟದ್ದು ಎಣ್ಣೆ ಕಾಣದ ಬಾಗಿಲಿನ ಸದ್ದು.

ಅವತ್ತು ಸಂಜೆಯೇ ಒಪೆರಾ. ಜೆಲಿಂಡಾ ಸೊಪ್ರಾನೊ, ಹೆಂಗಸರ ದನಿಗಳಲ್ಲೆಲ್ಲ ಎತ್ತರದ್ದು ಅವಳ ಪಾಲಿನದು. ಹಿಂದೆ ಮಿಲಾನಿನಲ್ಲೂ ಹಾಡಿದ್ದಳಂತೆ. ಅದನ್ನು ಕೇಳಿದವರು ಇಟಲಿಯ ಪಾರ್ಮಾ ಸೀಮೆಯ ಈ ಸಣ್ಣ ಪೇಟೆಯಲ್ಲಿ ಅವಳೊಬ್ಬಳೇ. ವರ್ಷ ಕಳೆದಂತೆ ಅವಳು ಹಾಡುವ ಊರುಗಳು ಚಿಕ್ಕವಾದವು, ಉಡುವ ಗೌನು ದೊಡ್ಡದಾಯಿತು, ಜಂಬ ಮಾತ್ರ ಇದ್ದಷ್ಟೇ ಇತ್ತು. ಮುಂದಿನ ವರ್ಷವೂ ಇವಳೇ ನಾಯಕಿಯೋ ಅಲ್ಲವೋ ಎಂಬುದನ್ನು ಕಂಪನಿಯ ಯಜಮಾನ ಬಾನ್ಯೋಲಿ ಇವತ್ತಿನ ಆಟ ನೋಡಿ ಹೇಳುವವನಿದ್ದ. ಅವನು ಬೇಡವೆಂದರೆ ಹಳ್ಳಿಯ ಅಕ್ಕನ ಮನೆಯಲ್ಲಿ ಹಂದಿಗಳಿಗೆ ಕೂಳು ಹಾಕುವುದೊಂದೇ ಉಳಿದಿತ್ತು.

ಕೆಳಗಿನ ಕ್ಷೌರದಂಗಡಿಯ ಒರೆಸ್ತೆ ಹೆಂಡತಿ ಆರ್ಜಿಯಾಳನ್ನು ಕರೆದುಕೊಂಡು ಮೇಲೆ ಬಂದ. ರಂಗಮಂದಿರದ ಮೇಲಟ್ಟದಲ್ಲಿ ಅಗ್ಗದ ಟಿಕೆಟಿನ ಜನಕ್ಕೆಲ್ಲ ಅವನೇ ಮುಖಂಡ. ಹಾಡು ಹಿಡಿಸದೆ ಅವನು ಸಿಳ್ಳೆ ಹಾಕಿದರೆ ಹಾಡುಗಾರರ ಬದುಕು ಮುಗಿದಂತೆ.

"ಏನ್ ಸಿನ್ಯೋರಾ, ಬೈಗುಳ ಅರ್ಧಕ್ಕೇ ನಿಂತೋಯ್ತು? ಪಾಪ, ಅವರಜ್ಜ ಕಾಯ್ತಾ ಇದಾನೆ."

"ಗಂಟ್ಲು..." ಎಂದು ಕಿರುಗುಟ್ಟಿದಳು ಜೆಲಿಂಡಾ.

"ಅಯ್ಯೋ! ಹಸಿ ಮೊಟ್ಟೆ ಕುಡೀರಿ," ಎಂದಳು ಆರ್ಜಿಯಾ. "ಮೇಲೊಂದು ಉಪ್ಪುಮೀನು, ಆಮೇಲೆ ಬಿಸಿ ವೈನಲ್ಲಿ ಬೇಯಿಸಿದ ಈರುಳ್ಳಿ. ನಮ್ಮಪ್ಪನ ಕತ್ತೆಗೂ ಅದನ್ನೇ ಕೊಟ್ಟಿದ್ವಿ."

"ಕತ್ತೆ ಹಾಡ್ತಾ?" ಎಂದು ಜೆಲಿಂಡಾ ಪಿಸುಗುಟ್ಟಿದಳು.

"ಹಾಡ್ಲಿಲ್ಲ. ಒದೆಯೋದು ನಿಲ್ಲಿಸ್ತು."

ಜೆಲಿಂಡಾ ಮೂರನ್ನೂ ನುಂಗಿದಳು. ಹೊಟ್ಟೆ ಕೆಟ್ಟಿತು, ದನಿ ಬರಲಿಲ್ಲ. ಮಧ್ಯಾಹ್ನಕ್ಕೆ ಬೇರೆ ದಾರಿ ಕಾಣದೆ, ಮೇಳದಲ್ಲಿ ಹಾಡುವ ಪಿಯೆರೀನಾ ಎಂಬ ಗಿಣ್ಣಿನಂಗಡಿಯವನ ಮಗಳನ್ನು ಕರೆಸಿ ಪಿಸುಗುಟ್ಟಿದಳು: "ನಾನು ಮುಂದೆ ನಿಂತು ಬಾಯಿ ಆಡಿಸ್ತೀನಿ. ನೀನು ಪರದೆ ಹಿಂದಿಂದ ಹಾಡು. ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು."

ಖಾಲಿ ಬೋಗುಣಿ ಒಯ್ಯಲು ಬಂದ ಆರ್ಜಿಯಾ ಬಾಗಿಲ ಸಂದಿಗೆ ಕಿವಿ ಇಟ್ಟಿದ್ದಳು. ಸಿಕ್ಕಿಬಿದ್ದಾಗ ಎದೆಯ ಮೇಲೆ ಶಿಲುಬೆ ಗೀಚಿ, "ನನ್ನ ಬಾಯಿಂದ ಹೊರಗೆ ಬಿದ್ರೆ ಕೇಳಿ," ಎಂದಳು. ಹೇಳಿದ್ದು ಗಂಡನೊಬ್ಬನಿಗೆ. ಗಂಡನೂ ತಾನು ಕ್ಷೌರ ಮಾಡಿದವರಿಗೆ ಮಾತ್ರ ಹೇಳಿದ. ಆದರೆ ಒಪೆರಾದ ದಿನ ಆ ಪೇಟೆಯಲ್ಲಿ ಗಡ್ಡ ಬೋಳಿಸಿಕೊಳ್ಳದ ಗಂಡಸೇ ಇರಲಿಲ್ಲ.

ಸಂಜೆ ಆರ್ಜಿಯಾ ರಂಗದ ಹಿಂಬದಿಗೂ ನುಗ್ಗಿ ಪಿಯೆರೀನಾಳ ಕೆನ್ನೆ ತಟ್ಟಿದಳು. "ಒಳ್ಳೇದಾಗ್ಲಿ ಮಗಳೇ!"

ರಂಗದವರಿಗೆ ಯಾರೂ ಹಾಗೆ ಹರಸುವುದಿಲ್ಲ. ತೋಳದ ಬಾಯಿಗೆ ಹೋಗು ಅನ್ನಬೇಕು, ಅವರು ಆ ತೋಳ ಸಾಯಲಿ ಅನ್ನಬೇಕು. ಒಳ್ಳೆಯದಾಗಲಿ ಎಂದರೆ ಅವತ್ತಿನ ಆಟ ಕೆಟ್ಟಂತೆಯೇ. ಪಿಯೆರೀನಾಳ ಮುಖ ಹಸಿ ಗಿಣ್ಣಿನಂತೆ ಬಿಳುಚಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

ಪಿಟೀಲುಗಳು ನಿಂತವು. ಜೆಲಿಂಡಾ ಬಾಯಿ ತೆರೆದಳು. ಪರದೆಯ ಹಿಂದಿನಿಂದ ಉಸಿರೂ ಇಲ್ಲ. ವಾದ್ಯದವರು ಕಕ್ಕಾಬಿಕ್ಕಿಯಾಗಿ ಅದೇ ಸಾಲನ್ನು ಮತ್ತೆ ನುಡಿಸಿದರು. ಹಂದಿಗಳ ನೆನಪಾಗಿ ಜೆಲಿಂಡಾಳ ಮೈ ಬೆವೆತಿತು. ಆ ದಿಗಿಲಿಗೋ, ಹೊಟ್ಟೆಯಲ್ಲಿ ಮೊಟ್ಟೆ, ಮೀನು, ಈರುಳ್ಳಿ ಒಟ್ಟಿಗೆ ಎದ್ದು ಕುಣಿದದ್ದಕ್ಕೋ, ಕಟ್ಟಿದ ಗಂಟಲು ಫಟ್ಟನೆ ಬಿಟ್ಟಿತು. ದನಿ ಹೊರಟಿತು ನೋಡಿ! ಮಿಲಾನಿನಲ್ಲೂ ಅಂಥದ್ದು ಹೊರಟಿರಲಿಲ್ಲ. ಕೊನೆಯ ಎತ್ತರದ ಸ್ವರ ಚಾವಣಿ ಮುಟ್ಟಿ, ಇಳಿಯಲು ಮನಸ್ಸಿಲ್ಲದೆ ಅಲ್ಲೇ ನಿಂತಿತು.

ಮೇಲಟ್ಟ ಎದ್ದು ನಿಂತು ಗರ್ಜಿಸಿತು. ಜೆಲಿಂಡಾ ಎದೆಗೆ ಕೈಯಿಟ್ಟು ಬಾಗಿದಳು. ಇನ್ನೂ ಬಾಗಿರುವಾಗಲೇ ಕೂಗು ಸ್ಪಷ್ಟವಾಯಿತು.

"ಪಿಯೆರೀನಾ! ಪಿಯೆರೀನಾನ ಹೊರಗೆ ಕರೀರಿ!"

ಒರೆಸ್ತೆ ಅಟ್ಟದ ಕಟಕಟೆಯಿಂದ ಅರ್ಧ ಮೈ ಹೊರಗೆ ಹಾಕಿದ್ದ. "ಯಾರ್ ಕಿವಿಗೆ ಹೂ ಇಡ್ತೀರಿ? ನಾವು ಹುಟ್ಟಿದಾಗಿಂದ ಒಪೆರಾ ಕೇಳಿದೋರು! ಈ ಮುದುಕಿ ದನಿ ಯಾವುದು, ಆ ಹುಡುಗಿ ದನಿ ಯಾವುದು ಅಂತ ನಿದ್ದೇಲೂ ಹೇಳ್ತೀವಿ!"

ಪಿಯೆರೀನಾಳನ್ನು ರಂಗಕ್ಕೆ ದಬ್ಬಿದರು. "ದೇವ್ರಾಣೆ, ನಾನು ಹಾಡೇ ಇಲ್ಲ!" ಎಂದು ಹುಡುಗಿ ಅತ್ತಳು.

"ಆಹಾ, ಎಂಥ ವಿನಯ!" ಎಂದು ಮೇಲಟ್ಟವೂ ಅತ್ತಿತು. ಹೂವು ಸುರಿಯಿತು.

ಜೆಲಿಂಡಾ ರಂಗಕ್ಕೆ ಬಂದ ಬಾನ್ಯೋಲಿಯ ಕೋಟು ಹಿಡಿದು ಜಗ್ಗಿದಳು. "ಹಾಡಿದ್ದು ನಾನು! ನನ್ನದೇ ಗಂಟ್ಲು!"

ಬಾನ್ಯೋಲಿ ಕಣ್ಣೊರೆಸಿಕೊಂಡ. "ಸಿನ್ಯೋರಾ, ಈಗ್ಲೂ ಎಷ್ಟು ಚೆನ್ನಾಗಿ ಅಭಿನಯಿಸ್ತೀರಿ! ಬಾಯಿ ಆಡಿಸಿದ್ದು ನೋಡಿ ಒಂದು ಗಳಿಗೆ ನಾನೂ ನಂಬಿಬಿಟ್ಟೆ. ಮುಂದಿನ ವರ್ಷ ನಾಯಕಿ ಪಿಯೆರೀನಾನೇ. ಹಾಗಂತ ನಿಮ್ಮನ್ನ ಕೈಬಿಡ್ತೀನಾ? ಮುಂದಿನ ವರ್ಷದ ಆಟದಲ್ಲಿ ಒಬ್ಬ ಮೂಗಿ ಬರ್ತಾಳೆ. ಆ ಪಾತ್ರ ನಿಮ್ಮ ಹೊರತು ಯಾರಿಗೂ ಇಲ್ಲ."