ಪ್ಯಾನ್‌ಕೇಕಿನ ಜೊತೆ ಒಂದು ಪ್ರಶ್ನೆ

ಓಹಿಯೋದ ಆ ಪುಟ್ಟ ಊರಿನಲ್ಲಿ ವರ್ಲಿನ್ ಸ್ಟಾಫರನ ಮನೆಯ ನಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿದ್ದೇ ಎಲ್ಲದಕ್ಕೂ ಮೂಲ. ಬಣ್ಣದ ಕಾರ್ಖಾನೆ ಹೊಳೆಗೆ ಏನನ್ನೋ ಬಿಡುತ್ತಿತ್ತು. ಅವನ ಹೆಂಡತಿ ನಡೀನಳಿಗೆ ಮೈಯೆಲ್ಲ ತುರಿಕೆ. ಕೇಳೋಣವೆಂದರೆ ಸಂಸದ ವಿಟ್ಲಾಕ್ ಕಾರ್ಖಾನೆಯ ದುಡ್ಡಿನಲ್ಲೇ ಗೆದ್ದವನು. ಜನರ ಸಭೆ ಕರೆಯುವುದನ್ನೇ ಬಿಟ್ಟಿದ್ದ.

"ನಾಳೆ ಚುನಾವಣೆ ಖರ್ಚಿಗೆ ದುಡ್ಡೆತ್ತೋಕೆ ಅವನ ಪ್ಯಾನ್‌ಕೇಕ್ ತಿಂಡಿ ಇದೆ ಕಣೋ," ಎಂದಳು ಪಕ್ಕದ ಮನೆಯ ಡೊರೀನ್. "ಐನೂರು ಡಾಲರ್ ಟಿಕೆಟ್ ತಗೊಂಡ್ರೆ ಹತ್ರ ಬಂದು ಕೈ ಕುಲುಕ್ತಾನೆ. ಆಗ ಹಿಡ್ಕೋ."

"ಮಾತಾಡೋಕೂ ದುಡ್ಡಾ? ನಮ್ದು ವಾಕ್ ಸ್ವಾತಂತ್ರ್ಯದ ದೇಶ ಅಲ್ವಾ?"

"ಸ್ವಾತಂತ್ರ್ಯ ಮಾತಾಡೋಕೆ ಮಾರಾಯ, ಯಾರಾದ್ರೂ ಕೇಳಿಸ್ಕೊಳ್ಳೋಕಲ್ಲ," ಎಂದ ಅವಳ ಗಂಡ ಮರ್ವಿನ್. "ದುಡ್ಡೇ ದೊಡ್ಡಪ್ಪ."

ಬೀದಿಯವರೆಲ್ಲ ಚಂದಾ ಎತ್ತಿ ಟಿಕೆಟ್ ಕೊಡಿಸಿದರು. "ನಾಲಿಗೆ ತಡವರಿಸ್ತೋ, ಈ ಬೀದಿಗೆ ಕಾಲಿಡಬೇಡ!" ಎಂದು ಡೊರೀನ್ ಹರಸಿ ಕಳಿಸಿದಳು.

ಮರುದಿನ ತಿಂಡಿಯ ಮೇಜಿನ ಬಳಿಗೆ ವಿಟ್ಲಾಕ್ ನಗುತ್ತ ಬಂದು ಕೈ ಚಾಚಿದ. ವರ್ಲಿನ್ ಆ ಕೈಯನ್ನು ಉಡದಂತೆ ಹಿಡಿದು ಅರಚಿದ: "ನನ್ನ ಹೆಂಡ್ತಿ ಮೈ ಉರೀತಿದೆ ಸಾರ್! ಆ ಕಾರ್ಖಾನೆಯಿಂದ ಎಷ್ಟು ತಿಂದ್ರಿ?" ಅವನ ಬಾಯಲ್ಲಿದ್ದ ಪ್ಯಾನ್‌ಕೇಕ್ ಹಾರಿ ಸಂಸದನ ಟೈ ಮೇಲೆ ಕೂತಿತು.

"ಭೇಷ್! ಇಂಥ ನೇರ ಮಾತಿನವರೇ ನನ್ನ ಬಲ," ಎಂದು ವಿಟ್ಲಾಕ್ ಅವನನ್ನು ತಬ್ಬಿಕೊಂಡ. ಕ್ಯಾಮೆರಾಗಳು ಮಿಂಚಿದವು. ಉತ್ತರಕ್ಕೆಂದು ವರ್ಲಿನ್ ತಲೆಯೆತ್ತಿದರೆ, ಸಂಸದ ಆಗಲೇ ಮುಂದಿನ ಮೇಜಿನಲ್ಲಿದ್ದ.

ಕೇಳಿಯಾದರೂ ಬಂದೆನಲ್ಲ ಎಂದು ವರ್ಲಿನ್ ಸಂಜೆ ಡೊರೀನಳ ಮನೆಯಲ್ಲಿ ಕತೆ ಹೇಳುತ್ತಿದ್ದ. ಅಷ್ಟರಲ್ಲಿ ಟೀವಿಯಲ್ಲಿ ಜಾಹೀರಾತು ಬಂತು. ಪಿಟೀಲಿನ ಇಂಪಾದ ಸಂಗೀತ. ಸಂಸದನ ಕೈ ಹಿಡಿದು ಬಾಯಗಲಿಸಿದ ವರ್ಲಿನ್! ಮಾತು ಒಂದೂ ಕೇಳಿಸಲಿಲ್ಲ. ಸಿಟ್ಟಿನ ಮುಖ ಆನಂದದಿಂದ ಅರಳಿದಂತಿತ್ತು. 'ನಮ್ಮ ವರ್ಲಿನ್ ವಿಟ್ಲಾಕ್ ಜೊತೆಗಿದ್ದಾನೆ. ನೀವು?' ಕೆಳಗೆ ಸಣ್ಣಕ್ಷರದಲ್ಲಿ: ಪ್ರಾಯೋಜಕರು, ಬಣ್ಣದ ಕಾರ್ಖಾನೆಯ ಗೆಳೆಯರು.

"ನಮ್ಮ ದುಡ್ಡಲ್ಲಿ ಹೋಗಿ ಅವನ ಭಜನೆ ಮಾಡ್ಬಂದ್ಯಾ?" ಡೊರೀನ್ ಬಾಗಿಲು ತೋರಿಸಿದಳು.

ಮನೆಯಲ್ಲಿ ನಡೀನ್ ಕೈ ಕೆರೆದುಕೊಳ್ಳುತ್ತ ಕೂತಿದ್ದಳು. ವರ್ಲಿನ್‌ಗೆ ಅಳು ಬಂತು. ಸಂಸದನ ಕಚೇರಿಗೆ ಫೋನ್ ಮಾಡಿದ.

"ನನ್ನ ಮಾತನ್ನೇ ನುಂಗಿ ಹಾಕಿದ್ದೀರಲ್ರೀ! ಸಂಸದರಿಗೆ ಮುಖಾಮುಖಿ ಹೇಳ್ಬೇಕು."

"ಖಂಡಿತ ಹೇಳಿ ಸಾರ್, ಅದು ನಿಮ್ಮ ಹಕ್ಕು," ಎಂದಿತು ಜೇನಿನಂಥ ದನಿ. "ಮುಂದಿನ ವಾರ ರಾತ್ರಿ ಊಟ ಇದೆ, ಟಿಕೆಟ್ ಸಾವಿರ ಡಾಲರ್. ನೀವು ನಮ್ಮ ಹಳೇ ದಾನಿಗಳಲ್ವಾ, ನಿಮಗೆ ಒಂಬೈನೂರು."