ಜುಕೀನಿಗೆ ಬೆರಳು ತೋರಿಸಬೇಡಿ

ನಮ್ಮ ದೊಡ್ಡಪ್ಪ ಒಂದೇ ಒಂದು ಜುಕೀನಿ ಕಾಯಿ ಬೆಳೆಯದೆ ಇಡೀ ಸರಸ್ವತಿಪುರಂಗೆ ಜುಕೀನಿ ತಜ್ಞರಾದವರು. "ಮೈಸೂರು ಮಣ್ಣಲ್ಲಿ ಪೆನ್ನು ನೆಟ್ರೂ ಚಿಗುರುತ್ತೆ ಕಣೋ!" ಎನ್ನುವುದು ಅವರ ವೇದಾಂತ.

ಆ ಕಾಲಕ್ಕೆ ಜುಕೀನಿ ಎಂದರೆ ಯಾರಿಗೆ ಗೊತ್ತು? ಇಟಲಿಗೆ ಹೋಗಿಬಂದ ಆಫೀಸಿನ ಸಾಹೇಬರು ಒಂದು ಪೊಟ್ಟಣ ಬೀಜ ಕೊಟ್ಟು, "ಕುಂಬಳದ ಜಾತಿ ಕಣ್ರೀ, ಇಲ್ಲಿ ಬರಲ್ಲ ಬಿಡಿ" ಅಂದುಬಿಟ್ಟರಂತೆ. ಬರಲ್ಲವೇ? ಮೈಸೂರಲ್ಲಿ? "ಮೊದಲನೇ ಕಾಯಿ ನಿಮ್ಮ ಮೇಜಿನ ಮೇಲೆ ಇಡ್ತೀನಿ ಸಾರ್!" ಎಂದು ಮಾತು ಕೊಟ್ಟೇ ಬಂದರು.

ಕುಂಬಳದ ಜಾತಿ ಎಂದಮೇಲೆ ಚಪ್ಪರ ಬೇಡವೇ? ಮದುವೆಮನೆಗಾಗುವಷ್ಟು ದೊಡ್ಡದೇ ಎದ್ದಿತು. ಗಿಡ ಮಾತ್ರ ನೆಲದಲ್ಲೇ ಪೊದೆಯಾಗಿ ಕೂತುಬಿಟ್ಟಿತು. ದೊಡ್ಡಪ್ಪ ದಾರ ಕಟ್ಟಿ ಎಳೆದರು, ಬೈದರು, ಬೇಡಿಕೊಂಡರು. ಊಹೂಂ! ಕೊನೆಗೆ ಚಪ್ಪರದ ಮೇಲೆ ಹಬ್ಬಿದ್ದು ನಮ್ಮ ಒದ್ದೆ ಪಂಚೆಗಳು.

ಮಿಡಿಗಳೋ, ಹೆಬ್ಬೆರಳಷ್ಟಾಗುವುದು, ಕೊಳೆತು ಉದುರುವುದು. "ಯಾರೋ ಬೆರಳು ತೋರಿಸಿರಬೇಕು ಕಣಪ್ಪ. ಮಿಡಿಗೆ ಬೆರಳು ತೋರಿಸಿದ್ರೆ ಕೊಳೆಯುತ್ತೆ" ಎಂದರು ಅಜ್ಜಿ, ಅಂದರೆ ದೊಡ್ಡಪ್ಪನ ತಾಯಿ. ತಗೊಳ್ಳಿ, ಸಂಜೆಗೇ ಗೇಟಿಗೆ ಬೋರ್ಡು ಬಂತು: "ಇಲ್ಲಿನ ಮಿಡಿಗಳಿಗೆ ಬೆರಳು ತೋರಿಸಬಾರದು." ಅಲ್ಲಿಯವರೆಗೆ ನಮ್ಮ ಮನೆಯತ್ತ ತಿರುಗಿಯೂ ನೋಡದವರೆಲ್ಲ ಸೈಕಲ್ ಇಳಿದು, ಬೆರಳು ಚಾಚಿ, "ಯಾವುದಕ್ಕೆ ಸ್ವಾಮಿ? ಅದಕ್ಕಾ? ಇದಕ್ಕಾ?" ಎಂದು ಕೇಳತೊಡಗಿದರು.

ನಾನು ಆಗ ಅವರ ಮನೆಯಲ್ಲಿದ್ದುಕೊಂಡು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ. "ಬೆರಳಲ್ಲ ದೊಡ್ಡಪ್ಪ, ಗಂಡು ಹೂವಿನ ಧೂಳು ಹೆಣ್ಣು ಹೂವಿಗೆ ತಾಗಬೇಕು. ನಮ್ಮ ಗಿಡದಲ್ಲಿ ಹೂವೇ ಕಾಣಲ್ವಲ್ಲ?" ಎಂದೆ. ಹೂ ಅರಳುವ ಹೊತ್ತಿಗೆ ಎದ್ದಿದ್ದರಲ್ಲವೇ ಕಾಣುವುದು! ಎಂಟಕ್ಕೆ ಮುಂಚೆ ಏಳುವುದು ನಮ್ಮ ವಂಶದ ಗಂಡಸರಿಗೆ ಆಗಿಬರುವುದಿಲ್ಲ. ದೇವರಮನೆಗೆ ಕಾಲಿಡುವುದಂತೂ ಹಬ್ಬಕ್ಕೇ. ಅಂತೂ ಮರುದಿನ ಬೆಳಕು ಹರಿಯುವ ಮುಂಚೆ ಎದ್ದು, ಆಕಳಿಸುತ್ತ ಕಿಟಕಿಯಲ್ಲಿ ಕೂತೆವು.

ಬಂದವರು ಅಜ್ಜಿ. ಹೂಬುಟ್ಟಿ ಹಿಡಿದು, ತಡವಿಕೊಂಡು ಗಿಡದ ಹತ್ತಿರ ಕೂತರು. ಅಂಗೈಯಗಲದ ಹಳದಿ ಹೂಗಳನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ, ಬುಡದ ಮಿಡಿಯನ್ನಷ್ಟೇ ಗಿಡದಲ್ಲಿ ಬಿಟ್ಟು, ಎಲ್ಲವನ್ನೂ ಬಿಡಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿ, ನಕ್ಕು, ದೇವರಮನೆಗೆ ಹೊರಟರು. ನಾನು ಕೂಗಲು ಬಾಯಿ ತೆರೆದೆ. ದೊಡ್ಡಪ್ಪ ನನ್ನ ಬಾಯಿ ಮುಚ್ಚಿದರು.

"ಸುಮ್ನಿರೋ. ಪೊರೆ ಬಂದ್ಮೇಲೆ ಅಮ್ಮಂಗೆ ಪಾರಿಜಾತ ಕಾಣಲ್ಲ, ನಂದಿಬಟ್ಟಲು ಕಾಣಲ್ಲ. ಇದೊಂದು ಕಾಣ್ತಾ ಇದೆ."

"ಎರಡು ಹೂ ಗಿಡದಲ್ಲೇ ಬಿಡಿ ಅಂತ ಹೇಳಿದ್ರೆ ಸಾಕಲ್ವಾ?"

"ಹೇಳಿದ್ರೆ, ಅಯ್ಯೋ ನನ್ನಿಂದ ಕಾಯಿ ಹೋಯ್ತಲ್ಲ ಅಂತ ಇನ್ನು ಒಂದನ್ನೂ ಮುಟ್ಟಲ್ಲ ಅವಳು."

ಉಳಿದ ಬೀಜವನ್ನೆಲ್ಲ ದೊಡ್ಡಪ್ಪ ಆ ವಾರವೇ ಬಿತ್ತಿದರು. ಮನೆ ಬಾಗಿಲಿಂದ ಗಿಡದವರೆಗೆ ಕಲ್ಲು ಆಯ್ದು, ಅಜ್ಜಿ ಎಡವದಂತೆ ದಾರಿ ಮಾಡಿದರು. ಆಮೇಲೆ ಆಫೀಸಿಗೆ ಹೋಗಿ, ಸಾಹೇಬರೆದುರು, ಕಾಯಿ ಕಾಣದ ಅವರ ಖಾಲಿ ಮೇಜಿನ ಮುಂದೆ ತಲೆ ತಗ್ಗಿಸಿ ನಿಂತು, "ನೀವು ಹೇಳಿದ್ದೇ ಸರಿ ಸಾರ್. ಮೈಸೂರು ಮಣ್ಣು ಅಷ್ಟು ಒಳ್ಳೇದಲ್ಲ" ಎಂದರಂತೆ.